ಕೆಂಪು ಗೆರೆಯ ಕೆಳಗಿನ ಪದಗಳು

…ಅಥವಾ ಅಕ್ಷರಗಳು ಕಪ್ಪಗೇ ಇದ್ದವೇನೋ. ನೀಲಿ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಯಾರಿಗೆ ಹೇಳಿದೆ? ನನಗೇ. ಒಂದೇ ಮಾತನ್ನು ನಮಗೆ ನಾವೇ ಮತ್ತೆ ಮತ್ತೆ ಹೇಳಿಕೊಂಡರೆ ಅದು ನೆನಪಿನ ಹಾಗೆ ಕಾಣತೊಡಗುತ್ತದೆ. ಆ ಹಾಳೆ ಟೈಪ್‌ರೈಟರಿನ ಅಡಿಯಿಂದ ಹೊರಬಂದದ್ದು ಖಂಡಿತ ನೆನಪಿದೆ. ಎಳೆದ ಕೈಯ ಉಗುರಿನ ಸಂದಿಯಲ್ಲಿ ಎಣ್ಣೆಯ ಕರೆ ಇತ್ತು, ಅದೂ ಖಂಡಿತ. ಅಕ್ಷರದ ಬಣ್ಣ ಮಾತ್ರ…

ಇದು ಮತ್ತೆ ಎದ್ದದ್ದು ಹೋದ ವಾರ, ತುಮಕೂರಿನಲ್ಲಿ ನಮ್ಮ ಮನೆಯ ಹತ್ತಿರದ ಟೈಲರ್ ಅಂಗಡಿಯಲ್ಲಿ. ನನ್ನ ರವಿಕೆಗೆ ಹುಕ್ಕು ಹಾಕುವುದು ಬಾಕಿಯಿತ್ತು, ಐದೇ ನಿಮಿಷ ಎಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಟೈಲರ್ ಹೊಲಿಗೆ ಮಷಿನ್ನಿನ ತಲೆಯನ್ನು ಹಿಂದಕ್ಕೆ ಮಗುಚಿ, ಮೂತಿ ಚೂಪಾದ ಡಬ್ಬಿಯಿಂದ ಟಿಕ್ ಟಿಕ್ ಎಂದು ಎಣ್ಣೆ ಬಿಟ್ಟರು. ವಾಸನೆ ಬಂತು. ಅದೇ ಹೊತ್ತಿಗೆ ಕನ್ನಡಿಯ ಮುಂದೆ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು ಹಳದಿ ಬಟ್ಟೆಯೊಂದನ್ನು ಹೆಗಲಿಗೆ ಹಾಕಿಕೊಂಡು, "ಐ ಹೇಟ್ ದಿಸ್ ಕಲರ್ ಕಣೇ" ಅಂದಳು.

"ಹೇಟ್ ಅಂದ್ಕೊಂಡೇ ಮೂರು ಸಲ ಹಾಕ್ಕೊಂಡ್ ನೋಡ್ದೆ" ಎಂದಳು ಅವಳ ಗೆಳತಿ.

ಎಣ್ಣೆಯ ವಾಸನೆಯೊಂದೇ ಆಗಿದ್ದರೆ ಸುಮ್ಮನೆ ಕೂತಿರುತ್ತಿದ್ದೆ. ಆ ಪದವೊಂದೇ ಆಗಿದ್ದರೂ. ಎರಡೂ ಒಟ್ಟಿಗೆ ಬಂದವು.

ನನಗೆ ಟೈಪಿಂಗ್ ಕಲಿಸಿದವರು ಹೊಲಿಗೆ ಮಷಿನ್ನಿನ ಎಣ್ಣೆಯನ್ನೇ ಟೈಪ್‌ರೈಟರಿಗೂ ಬಿಡುತ್ತಿದ್ದರು. ಕುಣಿಗಲ್ಲಿನಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ, ಮಹಡಿ ಮೇಲೆ, ಆರು ಮಷಿನ್ನುಗಳ ಒಂದು ಇನ್‌ಸ್ಟಿಟ್ಯೂಟ್. ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಕಲಿಯುವ ನಾವು ಅವರನ್ನು ಸಾರ್ ಎನ್ನುತ್ತಿದ್ದೆವು, ಅರ್ಜಿ ಬರೆಸಲು ಬರುವ ರೈತರು ಸಾಬ್ರೇ ಎನ್ನುತ್ತಿದ್ದರು. ಅವರ ಹೆಸರು ಕೆಳಗಿನ ಬೋರ್ಡಿನಲ್ಲಿತ್ತು. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಮ್ಮದು ಹುಲಿಯೂರುದುರ್ಗದ ಕಡೆಯ ಹಳ್ಳಿ. ಬೆಳಗಿನ ಬಸ್ಸಿಗೆ ಬಂದು ಒಂದು ಗಂಟೆ ಎ ಎಸ್ ಡಿ ಎಫ್ ಕುಟ್ಟಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಟೈಪಿಂಗಿನ ಜೂನಿಯರ್ ಪರೀಕ್ಷೆ ಪಾಸಾದ ಮೇಲೆ ಸಾರ್ ನನ್ನನ್ನು ಹೆಚ್ಚು ಹೊತ್ತು ಉಳಿಸಿಕೊಂಡರು, ಹೊರಗಿನವರ ಅರ್ಜಿಗಳನ್ನು ಟೈಪ್ ಮಾಡಲು ಕೊಟ್ಟರು. ನನಗಾಗ ಹತ್ತೊಂಬತ್ತು. ಸೀನಿಯರ್ ಪಾಸಾದರೆ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಆಗದಿದ್ದರೆ ಮಾಘದಲ್ಲಿ ಮದುವೆ ಎಂದು ಅಪ್ಪ ಹೇಳಿಯಾಗಿತ್ತು.

ಅರ್ಜಿ ಬರೆಸುವವರಲ್ಲಿ ಹೆಚ್ಚಿನವರು ಕನ್ನಡದಲ್ಲೇ ಬರೆಸುತ್ತಿದ್ದರು. ಕೋಪ ಬಂದವರು ಮಾತ್ರ ಇಂಗ್ಲಿಷ್ ಕೇಳುತ್ತಿದ್ದರು. ಕನ್ನಡದಲ್ಲಿ ಬೈದರೆ ಆಫೀಸಿನವರು ನಗುತ್ತಾರೆ, ಇಂಗ್ಲಿಷಿನಲ್ಲಿ ಬೈದರೆ ಎದ್ದು ಕೂರುತ್ತಾರೆ ಎಂಬ ನಂಬಿಕೆ. ಇದಕ್ಕಾಗಿಯೇ ಸಾರ್ ಒಂದು ಉದ್ದನೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಇಷ್ಟವಿಲ್ಲ ಎನ್ನುವುದರಿಂದ ಅಸಹ್ಯ ಎನ್ನುವತನಕದ ಇಂಗ್ಲಿಷ್ ಪದಗಳನ್ನು ಬರೆದಿಟ್ಟುಕೊಂಡಿದ್ದರು. ಮೇಲಿನಿಂದ ಕೆಳಕ್ಕೆ ಖಾರ ಏರುತ್ತಾ ಹೋಗುತ್ತಿತ್ತು. ಎದುರಿಗೆ ಕನ್ನಡದ ಅರ್ಥ ಇರಲಿಲ್ಲ. ಅದರ ಬದಲು ಒಂದೊಂದು ಸಂಗತಿ ಇತ್ತು. ಡಿಸ್‌ಲೈಕ್ ಎಂದರೆ ಮೂರನೇ ದಿನವೂ ಉಪ್ಪಿಟ್ಟು. ಡಿಸಪ್ರೂವ್ ಎಂದರೆ ಅಳಿಯ ಸಿಗರೇಟು ಹಚ್ಚಿದ್ದು ಕಂಡು ಮಾವ ಕೆಮ್ಮಿದ್ದು. ರಿಸೆಂಟ್ ಎಂದರೆ ಮದುವೆ ಊಟಕ್ಕೆ ಕೂರಿಸಿ, ಬಡಿಸುವಾಗ ನಮ್ಮನ್ನು ದಾಟಿಕೊಂಡು ಹೋದದ್ದು. ಡಿಪ್ಲೋರ್ ಪೇಪರಿನವರ ಮಾತು, ಮನೆಯೊಳಗೆ ತರಬಾರದು.

ಆಮೇಲೆ ಅಡಿಪಟ್ಟಿ ಇಟ್ಟು ಎಳೆದ ಒಂದು ಕೆಂಪು ಗೆರೆ. ಅದರ ಕೆಳಗೆ ನಾಲ್ಕೇ ಪದ. ಡಿಸ್ಪೈಸ್, ಎದುರಿಗೆ ಬಂದರೆ ರಸ್ತೆ ದಾಟುವುದು. ಡಿಟೆಸ್ಟ್, ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿದ್ದರೂ ಊರಿನತನಕ ನಿಂತೇ ಹೋಗುವುದು. ಅಬ್ಹಾರ್, ಸತ್ತರೆ ಮಣ್ಣಿಗೂ ಹೋಗದಿರುವುದು. ಕೊನೆಯದು ಲೋದ್. ಅದರ ಎದುರಿಗೆ ಏನೂ ಇರಲಿಲ್ಲ.

ಈ ಸಾಲುಗಳಲ್ಲಿ ಎಷ್ಟು ಅವರವು, ಎಷ್ಟು ನಾನು ವರ್ಷಗಟ್ಟಲೆ ಉಜ್ಜಿ ಉಜ್ಜಿ ನುಣುಪು ಮಾಡಿದವು, ಹೇಳಲಾರೆ. ಬಸ್ಸಿನದು ಅವರದೇ. ಮಣ್ಣಿನದೂ ಅವರದೇ. ಉಪ್ಪಿಟ್ಟು ನನ್ನದಿರಬಹುದು.

"ಸಾರ್, ಹೇಟ್ ಯಾಕಿಲ್ಲ ಇದ್ರಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಅದು ಕಡ್ಲೆಕಾಯಿ ಇದ್ದಂಗೆ ಕಣಮ್ಮ, ಎಲ್ಲರ ಜೇಬಲ್ಲೂ ಇರುತ್ತೆ. ಅದನ್ನ ಹಾಕಕ್ಕೆ ಟೈಪಿಸ್ಟು ಯಾಕ್ ಬೇಕು?"

ಲೋದ್ ಎದುರಿಗೆ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದೂ ಕೇಳಿದೆ. ಅವರು ನೋಟ್‌ಬುಕ್ ಮುಚ್ಚಿ, "ನಂಗಿನ್ನೂ ಅಂಥದ್ದು ಆಗಿಲ್ಲ" ಎಂದರು.

ಕೆಂಪು ಗೆರೆಗೆ ಒಂದು ಕಾನೂನಿತ್ತು. ಅದರ ಕೆಳಗಿನ ಪದ ಬೇಕೆಂದವರ ಕಾಗದವನ್ನು ಅವರು ಅದೇ ದಿನ ಕೊಡುತ್ತಿರಲಿಲ್ಲ. ಟೈಪ್ ಮಾಡಿ ಮಷಿನ್ನಿನ ಅಡಿಯಲ್ಲಿ ಇಡುತ್ತಿದ್ದರು. ಒಂದು ರಾತ್ರಿ ಅದು ಅಲ್ಲಿ ಮಲಗಬೇಕು. ಬೆಳಿಗ್ಗೆ ಬಂದು ಮತ್ತೆ ಕೇಳಿದರೆ ಮಾತ್ರ ಸಿಗುತ್ತದೆ. ನಮ್ಮ ಕಡೆಯ ಒಬ್ಬ ಮುದುಕರು ಬಂದದ್ದು ಚೆನ್ನಾಗಿ ನೆನಪಿದೆ. ಪಕ್ಕದ ತೋಟದವನು ತೆಂಗಿನ ಸಸಿಗಳಿಗೆ ಮೇಕೆ ಬಿಟ್ಟಿದ್ದ.

"ಸಾಬ್ರೇ, ಓದ್ದೋನಿಗೆ ಬೆಂಕಿ ಬೀಳ್ಬೇಕು, ಅಂಥದ್ದೊಂದು ಹಾಕಿ."

"ಯಾವ ಬೆಂಕಿ ಗೌಡ್ರೇ? ಒಲೇದೋ, ಬಣವೇದೋ?"

"ಬಣವೇದೇ ಇರ್ಲಿ."

"ಹಂಗಾದ್ರೆ ನಾಳೆ ಬನ್ನಿ."

ಮಾರನೇ ದಿನ ಮುದುಕರು ಮೆಟ್ಟಿಲ ಮೇಲೇ ನಿಂತು, "ಒಲೇದೇ ಸಾಕು ಬುಡಿ, ಅವ್ನೂ ಮಕ್ಕಳೊಂದಿಗ" ಎಂದರು. ಸಾರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹೊಸ ಹಾಳೆ, ಕಾರ್ಬನ್, ಹಾಳೆ. ಡಿಟೆಸ್ಟ್ ಹೋಗಿ ರಿಸೆಂಟ್ ಬಂತು.

ಇನ್ನೊಂದು ಮಾತನ್ನೂ ಅವರು ದಿನವೂ ಹೇಳುತ್ತಿದ್ದರು. "ಮೊದಲು ನಡೆದಿದ್ದು ಬರಿ. ಬೈಯೋದು ಕೊನೇ ಪ್ಯಾರಾಕ್ಕೆ." ಮೇಕೆ ಬಂತು, ಸಸಿ ತಿಂತು, ಇಷ್ಟು ಸಸಿ ಹೋಯಿತು. ಆಮೇಲೆ ಕೋಪ. ಮೇಕೆಯಿಲ್ಲದೆ ಬರೀ ಕೋಪ ಕಳಿಸಿದರೆ ಓದುವವನು ತನಗೆ ತೋಚಿದ ಮೇಕೆ ತಂದು ಕಟ್ಟಿಕೊಳ್ಳುತ್ತಾನೆ ಎನ್ನುತ್ತಿದ್ದರು. ಈ ಕೊನೆಯ ವಾಕ್ಯ ಅವರು ಅಂದದ್ದೋ, ಆಮೇಲೆ ನಡೆದದ್ದನ್ನು ನೋಡಿ ನಾನೇ ಅವರ ಬಾಯಿಗೆ ಇಟ್ಟದ್ದೋ ತಿಳಿಯದು.

ಇಲ್ಲಿ ಒಂದು ತಿದ್ದುಪಡಿ. ಕಿಟಕಿಯಿಂದ ಕೆರೆ ಕಾಣುತ್ತಿತ್ತು ಎಂದು ಮೇಲೆ ಬರೆದೆ. ಕಾಣುತ್ತಿರಲಿಲ್ಲ. ಎದುರಿನ ಕಟ್ಟಡದ ಹಿಂಗೋಡೆ ಮತ್ತು ಒಂದು ನೀರಿನ ಟ್ಯಾಂಕು ಕಾಣುತ್ತಿದ್ದವು. ಕೆರೆ ಇರುವ ಊರಿನಲ್ಲಿ ಕಿಟಕಿಗೂ ಒಂದು ಕೆರೆ ಬೇಕು ಎನ್ನಿಸಿ ಕೈ ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕಬಹುದಿತ್ತು. ಮುಂದೆ ನಾನು ಹೇಳುವುದನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅದು ಅಲ್ಲೇ ಇರಲಿ.

ಸೀನಿಯರ್ ಪರೀಕ್ಷೆಗೆ ಹೆಸರು ಕಳಿಸುವುದು ಇನ್‌ಸ್ಟಿಟ್ಯೂಟಿನವರ ಕೆಲಸ. ಆ ಸಲ ಹಾಲ್‌ಟಿಕೆಟ್‌ಗಳು ಬಂದವು. ನನ್ನದಿರಲಿಲ್ಲ. ಕೇಳಿದೆ. ಸಾರ್ ತಲೆ ಎತ್ತದೆ, "ಈ ಸಲ ಬೇಡ ಅಮ್ಮ. ಮುಂದಿನ ಸಲ ಬರಿ" ಎಂದರು. ಕಾರಣ ಹೇಳಿದರೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಸ್ಪೀಡು ಇನ್ನೂ ಬಂದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ, ಬೇರೆಯವರ ಅರ್ಜಿಗಳನ್ನು ಮಾಡಿಸಿಕೊಳ್ಳಲು ನನ್ನನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂದೇ ಅನ್ನಿಸಿತು. ಮನೆಯಲ್ಲಿ ಅಪ್ಪ, "ಸರಿ ಹಂಗಾದ್ರೆ, ಮಾಘ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ಶುಕ್ರವಾರ ಮಧ್ಯಾಹ್ನ ಸಾರ್ ನಮಾಜಿಗೆ ಹೋದಾಗ ಇನ್‌ಸ್ಟಿಟ್ಯೂಟ್ ನನ್ನ ಕೈಯಲ್ಲಿರುತ್ತಿತ್ತು. ಆ ಶುಕ್ರವಾರ ಬೇರೆ ಯಾರೂ ಇರಲಿಲ್ಲ. ಅವರದೇ ಮಷಿನ್ನಿಗೆ ಹಾಳೆ ಹಾಕಿ, ಪರೀಕ್ಷೆ ನಡೆಸುವ ಮೇಲಿನ ಕಚೇರಿಗೆ ಒಂದು ಕಾಗದ ಟೈಪ್ ಮಾಡಿದೆ. ಇಂಗ್ಲಿಷಿನಲ್ಲಿ. ಈ ಸಂಸ್ಥೆಯವರು ವಿದ್ಯಾರ್ಥಿನಿಯರಾದ ನಮ್ಮೊಂದಿಗೆ ನಡೆದುಕೊಳ್ಳುವ ರೀತಿಯನ್ನು ನಾವು ಡಿಟೆಸ್ಟ್ ಮಾಡುತ್ತೇವೆ, ಅಬ್ಹಾರ್ ಮಾಡುತ್ತೇವೆ, ಲೋದ್ ಮಾಡುತ್ತೇವೆ. ಇದ್ದದ್ದು ನಾನೊಬ್ಬಳೇ, ನಾವು ಎಂದು ಹಾಕಿದೆ. ಹೆಸರು ಹಾಕಲಿಲ್ಲ, ನೊಂದ ವಿದ್ಯಾರ್ಥಿನಿಯರು ಎಂದೆ. ಹಾಲ್‌ಟಿಕೆಟ್‌ನ ಮಾತನ್ನು ಬರೆಯಲೇ ಇಲ್ಲ. ಬರೆಯಲು ಹೋದರೆ ಅದು ತೀರಾ ಸಣ್ಣದಾಗಿ ಕಂಡಿತು, ಮೂರು ದೊಡ್ಡ ಪದಗಳ ಪಕ್ಕದಲ್ಲಿ. ಏನಾಯಿತು ಎಂಬುದು ಕಾಗದದಲ್ಲಿ ಇರಲಿಲ್ಲ. ಎಷ್ಟು ಅಸಹ್ಯ ಎಂಬುದು ಮಾತ್ರ ಇತ್ತು.

ಮೆಟ್ಟಿಲಿನಲ್ಲಿ ಯಾರದೋ ಹೆಜ್ಜೆ ಕೇಳಿಸಿತು. ಎಳೆದೆ. ಒಂದು ಹಾಳೆ ಕವರಿಗೆ ಹೋಯಿತು. ಕವರು ಕೆಳಗಿನ ರಸ್ತೆಯ ಅಂಚೆ ಡಬ್ಬಕ್ಕೆ ಹೋಯಿತು. ಬಸ್ಸು ಊರು ದಾಟಿ ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯಿತು, ಮಷಿನ್ನಿಗೆ ನಾನು ಹಾಕಿದ್ದು ಒಂದೇ ಹಾಳೆಯಲ್ಲ. ಹಾಳೆ, ಕಾರ್ಬನ್, ಹಾಳೆ. ಎರಡು ವರ್ಷ ದಿನವೂ ಮಾಡಿದ್ದನ್ನೇ ಕೈ ಆ ದಿನವೂ ಮಾಡಿತ್ತು. ಇನ್ನೊಂದು ಹಾಳೆಯನ್ನು ಎಲ್ಲಿಡಬೇಕೆಂದು ಅದಕ್ಕೆ ಯಾರೂ ಹೇಳಬೇಕಿರಲಿಲ್ಲ. ಮಷಿನ್ನಿನ ಅಡಿಗೆ.

ಶನಿವಾರ ಬೆಳಿಗ್ಗೆ ಹೋಗದೆ ಇರಬಹುದಿತ್ತು. ಹೋದೆ. ಸಾರ್ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ ಅಕ್ಷರಗಳನ್ನು ತಿಕ್ಕಿ, ಆಮೇಲೆ ಎಣ್ಣೆ ಬಿಡುತ್ತಿದ್ದರು. ಬಾಮ್ಮ, ಕೂತ್ಕೋ ಎಂದರು. ಕೈ ಒರೆಸಿಕೊಂಡು ಮಷಿನ್ನಿನ ಅಡಿಯಿಂದ ಹಾಳೆ ಎಳೆದು ಮೇಜಿನ ಮೇಲೆ, ನನ್ನ ಕಡೆಗೆ ತಿರುಗಿಸಿ ಇಟ್ಟರು. ಓದಲಿಲ್ಲ. ಯಾರು ಬರೆದದ್ದು ಎಂದು ಕೇಳಲಿಲ್ಲ.

"ಒಂದು ರಾತ್ರಿ ಮಲಗೈತೆ. ಈಗ ಹೇಳು. ಕಳ್ಸೋಣ್ವಾ?"

"ಬೇಡ ಸಾರ್."

"ಅಷ್ಟೇನಾ?"

"ಅಷ್ಟೇ ಸಾರ್."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. "ಹೋಗು, ಮೂರನೇ ಮಷಿನ್ ಖಾಲಿ ಐತೆ" ಎಂದರು.

ಆ ಹೊತ್ತಿಗೆ ಅಂಚೆಯವನು ಡಬ್ಬ ತೆಗೆದಿದ್ದನೋ ಇಲ್ಲವೋ. ಕಳಿಸಿಬಿಟ್ಟೆ ಸಾರ್ ಎಂದಿದ್ದರೆ ಅವರು ಚಪ್ಪಲಿಯನ್ನೂ ಮೆಟ್ಟದೆ ಅಂಚೆ ಕಚೇರಿಗೆ ಓಡುತ್ತಿದ್ದರು. ಅಲ್ಲಿ ಎಲ್ಲರೂ ಅವರಿಗೆ ಪರಿಚಯ. ಎರಡು ಪದ ಸಾಕಿತ್ತು. ನಾನು ಮೂರನೇ ಮಷಿನ್ನಿನಲ್ಲಿ ಕೂತು ಸ್ಪೀಡು ಅಭ್ಯಾಸ ಮಾಡಿದೆ.

ಮೂರು ವಾರವೋ ನಾಲ್ಕೋ ಕಳೆದ ಮೇಲೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿಯೂ ಒಬ್ಬ ಮೇಡಮ್ಮೂ ಬಂದರು. ಬಂದವರು ನಮ್ಮ ಸಾರನ್ನು ಹೊರಗಿನ ವರಾಂಡದಲ್ಲಿ ನಿಲ್ಲಿಸಿದರು. ಹುಡುಗಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಕೇಳಿದರು. ಬಾಗಿಲು ಮುಚ್ಚಿದ್ದನ್ನು ಕೆಳಗಿನ ಅಂಗಡಿಯವರು ನೋಡಿದರು. ನನ್ನ ಸರದಿ ಬಂದಾಗ ಮೇಡಂ ಬಹಳ ಮೆತ್ತಗೆ ಮಾತಾಡಿದರು.

"ಅವ್ರು ನಿಂಗೇನಾದ್ರೂ ತೊಂದ್ರೆ ಕೊಟ್ಟವ್ರೇನಮ್ಮ?"

"ಇಲ್ಲ ಮೇಡಂ."

"ಹೆದರ್ಕೋಬೇಡ. ನಿನ್ ಹೆಸರು ಹೊರಗೆ ಬರಲ್ಲ."

"ಇಲ್ಲ ಮೇಡಂ."

ಅವರು ನಿಟ್ಟುಸಿರು ಬಿಟ್ಟು ಏನೋ ಬರೆದುಕೊಂಡರು. ಎರಡನೇ ಇಲ್ಲ ಮೊದಲನೆಯದಕ್ಕಿಂತ ಬೇಗ ಬಂದದ್ದನ್ನು ಅವರು ಭಯ ಎಂದುಕೊಂಡಿರಬೇಕು. ಭಯವೇ ಹೌದು, ಅವರು ಅಂದುಕೊಂಡ ಭಯ ಅಲ್ಲ. ಕಾಗದ ಅವರ ಕೈಯಲ್ಲೇ ಇತ್ತು. ಅದರ ಅಕ್ಷರಗಳ ಬಣ್ಣವನ್ನು ನೋಡಬಹುದಿತ್ತು. ನಾನು ನೆಲ ನೋಡುತ್ತಿದ್ದೆ.

ತಪ್ಪು ಸಿಗಲಿಲ್ಲ. ಸಿಗಲು ಏನೂ ಇರಲಿಲ್ಲ. ಆದರೆ ಬಾಗಿಲು ಮುಚ್ಚಿ ಹುಡುಗಿಯರನ್ನು ವಿಚಾರಿಸಿದರು ಎಂಬುದು ಉಳಿಯಿತು, ಸಂತೆಯಿಂದ ಸಂತೆಗೆ ಹೋಯಿತು. ಕೆಲವರು ಸಾರ್ ಹೆಸರನ್ನು ಒತ್ತಿ ಹೇಳುತ್ತಿದ್ದರು, ಆ ಹೆಸರೇ ಒಂದು ಸಾಕ್ಷಿ ಎಂಬ ಹಾಗೆ. ಮೊದಲು ಇಬ್ಬರು ಹುಡುಗಿಯರು ಬಿಟ್ಟರು. ಆಮೇಲೆ ಅಪ್ಪ ನನ್ನನ್ನೂ ಬಿಡಿಸಿದರು. "ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದರು, ನನ್ನ ಮುಖ ನೋಡದೆ. ಅಪ್ಪನಿಗೆ ಹೇಳಬಹುದಾಗಿದ್ದ ಜಾಗ ಅದೊಂದಿತ್ತು. ಏನೂ ನಡೆದಿಲ್ಲ ಅಪ್ಪ, ಕಾಗದ ಬರೆದವಳು ನಾನು. ಹೇಳಲಿಲ್ಲ. ಹೇಳದೆ ಇದ್ದುದರಿಂದ ನನಗೆ ಲಾಭವಾಯಿತು, ಅದನ್ನೂ ಬರೆಯಬೇಕು. ಅಪ್ಪ ಮೆತ್ತಗಾದರು. ಮಾಘ ಮುಂದಕ್ಕೆ ಹೋಯಿತು. ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಟ್ಟು ಬೇರೆ ಕಡೆ ಟೈಪಿಂಗ್ ಸೇರಿಸಿದರು. ಸೀನಿಯರ್ ಪಾಸಾದೆ, ಕೆಲಸ ಸಿಕ್ಕಿತು. ಇನ್ನು ಕೆಲವೇ ತಿಂಗಳಲ್ಲಿ ಆ ಕೆಲಸದಿಂದ ನಿವೃತ್ತಳಾಗುತ್ತೇನೆ.

ಅವರ ಇನ್‌ಸ್ಟಿಟ್ಯೂಟ್ ಒಂದು ವರ್ಷವೂ ನಡೆಯಲಿಲ್ಲವಂತೆ. ಒಮ್ಮೆ ಊರಿಗೆ ಹೋಗುವಾಗ ಬಸ್ಸಿನಿಂದ ನೋಡಿದೆ, ಬೋರ್ಡು ಇರಲಿಲ್ಲ. ಗುಬ್ಬಿಯಲ್ಲಿ ತಂಗಿಯ ಮನೆಗೆ ಹೋಗಿ ಇದ್ದಾರೆ ಎಂದು ಕೆಳಗಿನ ಅಂಗಡಿಯವರು ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ತುಮಕೂರಿನಿಂದ ಗುಬ್ಬಿ ಎಷ್ಟು ದೂರ? ಹೋಗಿ, ಮಾತಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನನಗೆ ಅಷ್ಟು ದೂರ ಹೋಗಲು ಹದಿನಾಲ್ಕು ವರ್ಷ ಬೇಕಾಯಿತು.

ಅವರ ತಂಗಿಯ ಮಗ ಬಳೆ ಅಂಗಡಿ ಇಟ್ಟುಕೊಂಡಿದ್ದರು. ಹೇಳಿದೆ, ಹೀಗೆ, ಕುಣಿಗಲ್ಲಿನಲ್ಲಿ ನಿಮ್ಮ ಮಾವನ ಹತ್ತಿರ ಟೈಪಿಂಗ್ ಕಲಿತವಳು ಎಂದು.

"ಮಾಮೂ ತೀರ್ಕೊಂಡು ಆರು ತಿಂಗಳಾಯ್ತು ಅಕ್ಕ" ಎಂದರು. ಕುರ್ಚಿ ಹಾಕಿದರು, ಟೀ ತರಿಸಿದರು. "ಅವ್ರ ಸ್ಟೂಡೆಂಟ್ಸ್‌ನಲ್ಲಿ ಬಂದಿದ್ದು ನೀವೇ ಮೊದಲ್ನೇವ್ರು. ಮಾಮೂ ಕೇಳ್ತಿದ್ರು, ಯಾರೂ ಬರಲ್ವಲ್ಲಾ ಅಂತ."

ನಾನು ಟೀ ಕುಡಿದೆ. ಮನೆಯಲ್ಲಿ ಸಾರ್ ಹೇಗಿದ್ದರು ಎಂದು ಕೇಳಿದೆ. ಅವರು ನಕ್ಕರು. "ಯಾರಾದ್ರೂ ರೇಗಿದ್ರೆ, ನಾಳೆ ಬೈಯಿ, ಇವತ್ತು ಉಣ್ಣು ಅನ್ನೋರು. ಅಮ್ಮಂಗೆ ಅದ್ಕೇ ಇನ್ನೂ ಕೋಪ ಬರೋದು." ಉದ್ದನೆಯ ನೋಟ್‌ಬುಕ್ ಏನಾದರೂ ಇತ್ತೇ ಎಂದೆ. ಪೇಪರು ಪುಸ್ತಕ ಬಹಳ ಇತ್ತು, ಮನೆ ಸುಣ್ಣ ಹೊಡೆಸುವಾಗ ಎಲ್ಲ ಹಳೇ ಪೇಪರಿನವನಿಗೆ ಹೋಯಿತು ಎಂದರು. ಲೋದ್ ಎದುರಿನ ಖಾಲಿ ಜಾಗದಲ್ಲಿ ಅವರು ಕೊನೆಗೆ ಏನಾದರೂ ಬರೆದರೇ ಎಂಬುದು ಆ ಕಾಗದಗಳ ಜೊತೆ ಹೋಯಿತು. ಖಾಲಿಯೇ ಇತ್ತು ಎಂದು ನಂಬಲು ಇಷ್ಟ. ನನಗೆ ಇಷ್ಟವಾದದ್ದನ್ನು ನಂಬುವುದರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಕಿಟಕಿಯ ಕೆರೆಯ ವಿಷಯದಲ್ಲಿ ಹೇಳಿದ್ದೇನೆ.

ಅವರ ಮಣ್ಣಿಗೆ ನಾನು ಹೋಗಿರಲಿಲ್ಲ. ಗೊತ್ತಿರಲಿಲ್ಲ, ನಿಜ. ಆದರೂ ಅವರ ಪಟ್ಟಿಯ ಪ್ರಕಾರ ಅದಕ್ಕೊಂದು ಪದವಿದೆ, ಕೆಂಪು ಗೆರೆಯ ಕೆಳಗೆ, ಕೊನೆಯದಕ್ಕಿಂತ ಒಂದು ಮೇಲೆ. ನೋಡುವವರಿಗೆ ಗೊತ್ತಿಲ್ಲದಿದ್ದುದೂ ಬೇಡವಾಗಿದ್ದುದೂ ಒಂದೇ ಥರ ಕಾಣುತ್ತವೆ.

ಟೈಲರ್ ಮಷಿನ್ನಿನ ತಲೆಯನ್ನು ಮತ್ತೆ ನೆಟ್ಟಗೆ ಕೂರಿಸಿ, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದರು. ಹುಡುಗಿಯರು ಹೋಗಿದ್ದರು, ಹಳದಿ ಬಟ್ಟೆಯನ್ನೇ ತೆಗೆದುಕೊಂಡು. "ರೆಡಿ ಆಯ್ತು ಮೇಡಂ, ಒಂದ್ಸಲ ನೋಡ್ಬಿಡಿ" ಎಂದು ರವಿಕೆ ಕೊಟ್ಟರು. ನೋಡಿದೆ. ನಾನು ನೋಡುತ್ತಿದ್ದದ್ದು ರವಿಕೆಯನ್ನಲ್ಲ.

ಆ ಇನ್‌ಸ್ಟಿಟ್ಯೂಟಿನ ಮಷಿನ್ನುಗಳ ರಿಬ್ಬನ್ ಕಪ್ಪು. ಕಾರ್ಬನ್ ನೀಲಿ. ಮೇಜಿನ ಮೇಲೆ ಅವರು ನನ್ನ ಕಡೆ ತಿರುಗಿಸಿಟ್ಟ ಹಾಳೆಯ ಅಕ್ಷರ ನೀಲಿಯಾಗಿದ್ದರೆ ಅದು ನಕಲು. ಅಸಲು ಆಗಲೇ ಹೊರಟುಹೋಗಿದೆ ಎಂದು ಅಷ್ಟು ವರ್ಷದ ಟೈಪಿಸ್ಟಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗೊತ್ತಿದ್ದೂ ಅವರು ಕಳ್ಸೋಣ್ವಾ ಎಂದು ಕೇಳಿದರು. ನಾನು ಹೇಳಲಿ ಎಂದು ಕಾದರು, ಅಷ್ಟೇನಾ ಎಂದು ಇನ್ನೊಂದು ಸಲ ಅವಕಾಶ ಕೊಟ್ಟರು, ನನ್ನ ಸುಳ್ಳನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಕಪ್ಪಾಗಿದ್ದರೆ, ಗಡಿಬಿಡಿಯಲ್ಲಿ ನಾನು ಕವರಿಗೆ ಹಾಕಿದ್ದು ನಕಲು, ಅವರ ಕೈಯಲ್ಲಿದ್ದದ್ದು ಅಸಲು. ಕಾಗದ ಎಲ್ಲೂ ಹೋಗಿಲ್ಲ, ಹುಡುಗಿ ಒಂದು ರಾತ್ರಿಯಲ್ಲಿ ಮನಸ್ಸು ಬದಲಾಯಿಸಿದಳು, ತನ್ನ ಕಾನೂನು ಮತ್ತೊಮ್ಮೆ ಕೆಲಸ ಮಾಡಿತು ಎಂದು ಅವರು ನಂಬಿದರು. ಮೂರು ನಾಲ್ಕು ವಾರ ಆ ನಂಬಿಕೆಯಲ್ಲೇ ಇದ್ದರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಎಷ್ಟೋ ಸಲ ತೂಗಿ ನೋಡಿದ್ದೇನೆ, ತೂಕ ಒಂದು ಕಡೆ ನಿಲ್ಲುವುದಿಲ್ಲ.

ಹಾಳೆ ನನ್ನ ಮುಂದೆಯೇ ಇತ್ತು, ಬೆಳಗಿನ ಬೆಳಕಿನಲ್ಲಿ, ಒಂದು ಮೊಳ ದೂರದಲ್ಲಿ. ಅಕ್ಷರಗಳ ಬಣ್ಣ ಯಾವುದಿತ್ತು ಎಂದು ನನಗೆ ಗೊತ್ತಿಲ್ಲ.